ಸೆಲ್ಲಾರಿನ ಮೇಲಿನ ಆರು ಮೋಸಂಬಿ ಗಿಡ

ನಮ್ಮ ಕೋಣೆಯ ಛಾವಣಿಯೇ ಅವರ ತೋಟದ ನೆಲವಾಗಿತ್ತು. ಗಚ್ಚಿಬೌಲಿಯ ಆ ಅಪಾರ್ಟ್‌ಮೆಂಟಿನಲ್ಲಿ ಕಾರು ನಿಲ್ಲಿಸುವ ನೆಲಮಾಳಿಗೆಗೆ ಎಲ್ಲರೂ ಸೆಲ್ಲಾರ್ ಅನ್ನುತ್ತಿದ್ದರು. ಅದರ ಮೂಲೆಯಲ್ಲಿ, ನೀರಿನ ಮೋಟಾರಿನ ಪಕ್ಕ, ಮಾಲಿಗೆಂದು ಒಂದು ಕೋಣೆ ಕಟ್ಟಿದ್ದರು. ಕಿಟಕಿ ಇಲ್ಲ. ಬಾಗಿಲ ಮೇಲೆ ಒಂದು ಗೇಣು ಜಾಲರಿ, ಅಷ್ಟೇ. ಬಾಗಿಲು ತೆರೆದರೆ ಎದುರಿಗೆ ಸಾಲಾಗಿ ಕಾರುಗಳ ಬೆನ್ನು. ಮೇಲೆ, ಅದೇ ಸ್ಲ್ಯಾಬಿನ ಮೇಲೆ, ಎರಡು ಮೊಳ ಕೆಂಪು ಮಣ್ಣು ಹರವಿ, ಹುಲ್ಲು ಬೆಳೆಸಿ, ನಡುವೆ ಕಾರಂಜಿ ಇಟ್ಟು, ಸುತ್ತ ಆರು ಮೋಸಂಬಿ ಗಿಡ ಹಚ್ಚಿದ್ದರು. ನಾನು ಆ ತೋಟದ ಮಾಲಿ.

ಆರನೆಯ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟವನು ನಾನು. ಬಿಡಿಸಿದವರ ಮೇಲೆ ನನಗೆ ಸಿಟ್ಟಿಲ್ಲ. ಯಾದಗಿರಿ ಕಡೆಯ ನಮ್ಮೂರಿನಲ್ಲಿ ಅಪ್ಪ ಗೌಡರ ಮೋಸಂಬಿ ತೋಟ ನೋಡಿಕೊಳ್ಳುತ್ತಿದ್ದ. ಪಾಟಿಗಿಂತ ಸನಿಕೆ ನನ್ನ ಕೈಗೆ ಚೆನ್ನಾಗಿ ಹೊಂದಿತು. ಮುಂದೆ ಗೌಡರ ಮಕ್ಕಳು ತೋಟ ಕಿತ್ತು ಹೊಲ ಮಾರಿದರು. ನಾನು ಊರಿನ ಗ್ಯಾಂಗಿನ ಜೊತೆ ಹೈದರಾಬಾದಿಗೆ ಬಂದೆ. ಗಾಜಿನ ಕಟ್ಟಡಗಳು ಒಂದರ ಬೆನ್ನಿಗೆ ಒಂದು ಏಳುತ್ತಿದ್ದ ಕಾಲ. ಐಟಿಯವರಿಗೆ ಮನೆ ಸಾಲುತ್ತಿರಲಿಲ್ಲ, ನಮಗೆ ಕೆಲಸ ತಪ್ಪುತ್ತಿರಲಿಲ್ಲ. ಈ ಅಪಾರ್ಟ್‌ಮೆಂಟಿನ ಸೆಲ್ಲಾರಿಗೆ ಸ್ಲ್ಯಾಬ್ ಹಾಕಿದ ದಿನ ಕಾಂಕ್ರೀಟ್ ಬುಟ್ಟಿ ಹೊತ್ತವರಲ್ಲಿ ನಾನೂ ಇದ್ದೆ. ಕೆಲಸ ಮುಗಿದ ಮೇಲೆ ಬಿಲ್ಡರನ ಮನುಷ್ಯ ಬಂದು, ಗಿಡಗಳ ಕೆಲಸ ಬಲ್ಲವರು ಯಾರಿದ್ದೀರಿ ಎಂದು ಕೇಳಿದ. ಉಳಿದವರು ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ನಾನು ಮುಂದೆ ಬಂದಿದ್ದೆ. ಬುಟ್ಟಿ ಹೊರುವವನು ಮಾಲಿಯಾದೆ. ಯಾರ ಶಿಫಾರಸೂ ಇರಲಿಲ್ಲ. ಆ ಮಾತು ಹೇಳುವಾಗ ಇವತ್ತಿಗೂ ನನ್ನ ಎದೆ ಒಂಚೂರು ಮುಂದೆ ಬರುತ್ತದೆ.

ಎರಡನೆಯ ವರ್ಷ ಹೆಂಡತಿಗೆ ದಮ್ಮು ಶುರುವಾಯಿತು. ಊರಲ್ಲಿ ಎರಡು ಕೊಡ ನೀರು ಹೊತ್ತು ದಿಬ್ಬ ಹತ್ತುತ್ತಿದ್ದವಳು ಇಲ್ಲಿ ಹಿಟ್ಟು ನಾದುತ್ತ ನಡುನಡುವೆ ಕೈಬಿಟ್ಟು ಕೂರುತ್ತಿದ್ದಳು. ಬೆಳಿಗ್ಗೆ ಆಫೀಸಿಗೆ ಹೋಗುವ ಕಾರುಗಳೆಲ್ಲ ಒಂದೇ ಹೊತ್ತಿಗೆ ಚಾಲೂ ಆಗುತ್ತಿದ್ದವು. ಅವು ರ‍್ಯಾಂಪ್ ಹತ್ತಿ ಹೋಗುವವರೆಗೆ ಅವಳು ಸೆರಗನ್ನು ಮೂಗಿಗೆ ಹಿಡಿದು, ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ದವಾಖಾನೆಯಲ್ಲಿ ಡಾಕ್ಟರು ಎಳೆದುಕೊಳ್ಳುವ ಪಂಪು ಬರೆದುಕೊಟ್ಟು, ಗಾಳಿ ಬೆಳಕು ಇರುವ ಮನೆ ನೋಡಿಕೊಳ್ಳಿ ಎಂದರು. ಗಚ್ಚಿಬೌಲಿಯಲ್ಲಿ ಗಾಳಿ ಬೆಳಕಿನ ಮನೆ! ಅಲ್ಲದೆ ಮಾಲಿ ಹೊರಗಿರಬಾರದು, ನಸುಕಿನಲ್ಲಿ ಮೋಟಾರು ಹಾಕಬೇಕು ಎಂಬುದು ಕೆಲಸದ ಕರಾರು.

ಹಾಗಂತ ಜಾಗ ಇರಲಿಲ್ಲವೆಂದಲ್ಲ. ಹಿಂದಿನ ಕಾಂಪೌಂಡಿಗೆ ಹತ್ತಿ ಒಂದು ಬಿಡಿ ಕೋಣೆ ಇತ್ತು. ಫ್ಲ್ಯಾಟು ಮಾರುವಾಗ ಬಿಲ್ಡರು ಆಫೀಸು ಮಾಡಿಕೊಂಡಿದ್ದದ್ದು. ಎರಡು ಕಿಟಕಿ, ಮುಂದೆ ಬೇವಿನ ನೆರಳು. ಆಗ ಅದರಲ್ಲಿ ಮುರಿದ ಕುರ್ಚಿಗಳು ತುಂಬಿದ್ದವು. ಅದನ್ನು ಕೆಲಸದವರಲ್ಲಿ ಒಬ್ಬರಿಗೆ ಕೊಡುವ ಮಾತು ಕಮಿಟಿಯಲ್ಲಿ ನಡೆದಿದೆ ಎಂದು ಕೇಳಿದಾಗಿನಿಂದ ಹೆಂಡತಿ ದಿನಕ್ಕೊಮ್ಮೆ ಆ ಕಡೆ ಹೋಗಿ ಬರುತ್ತಿದ್ದಳು. ಕಸ ಚೆಲ್ಲುವ ನೆಪ.

ಮೂರನೆಯ ಮಹಡಿಯಲ್ಲಿ ಒಬ್ಬ ಹಿರಿಯ ಹೆಣ್ಣುಮಗಳಿದ್ದರು. ಧಾರವಾಡ ಕಡೆಯವರು, ಕೃಷಿ ಕಾಲೇಜಿನಲ್ಲಿ ಹಣ್ಣಿನ ಗಿಡಗಳ ಶಾಸ್ತ್ರ ಕಲಿಸಿ ನಿವೃತ್ತರಾದವರು. ಒಬ್ಬರೇ ಇದ್ದರು. ಮೊಣಕಾಲು ನೋವಿನಿಂದ ಕೆಳಗಿಳಿಯುವುದು ಕಡಿಮೆ. ಇಳಿದ ಒಂದು ದಿನ ನಾನು ಮೋಸಂಬಿ ಗಿಡಕ್ಕೆ ಬಯ್ಯುತ್ತಿದ್ದುದು ಅವರ ಕಿವಿಗೆ ಬಿತ್ತು.

“ಯಾವೂರು ತಮ್ಮಾ ನಿಂದು? ಗಿಡಕ್ಕ ಇಷ್ಟು ಚಂದ ಬೈಯ್ಯಾಂವ ಕನ್ನಡದಾಂವನ ಇರಬೇಕು.”

ನಾಚಿಕೆಯಾಯಿತು. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕಾರು ಎನ್ನುವುದು. ನಾನೂ ಹಾಗೇ ಕರೆದೆ.

“ಯಾದಗಿರಿ ಕಡೇರಿ ಅಕ್ಕಾರ. ಬೈಯಾಕತ್ತಿದ್ದಿಲ್ಲರಿ, ಕೇಳಾಕತ್ತಿದ್ದೆ. ಮೂರು ವರ್ಷ ಆತು, ಒಂದ ಒಂದು ಕಾಯಿ ಕೊಡವಲ್ದು.”

“ಹ್ಯಾಂಗ ಕೊಡ್ತದ? ಹುಲ್ಲಿನ ಕೂಡ ಅದಕ್ಕೂ ದಿನಾ ಎರಡು ಹೊತ್ತು ನೀರು. ಒಂದು ದಿನಾ ರಜಾ ಇಲ್ಲ ಪಾಪ. ಬರೇ ಎಲಿ ಬಿಡ್ತದ, ಮತ್ತ ಎಲಿ ಬಿಡ್ತದ.”

ಗಿಡಕ್ಕೆ ರಜೆ ಬೇಕು ಎನ್ನುವುದು ನನಗೆ ಹೇಳಿಕೊಡಬೇಕಾದ ಮಾತಲ್ಲ. ಅಪ್ಪ ಅದನ್ನು ಬಹಾರ ಹಿಡಿಯುವುದು ಎನ್ನುತ್ತಿದ್ದ. ನೀರು ನಿಲ್ಲಿಸಬೇಕು. ಬುಡದ ಮಣ್ಣು ಸರಿಸಿ ಬೇರಿಗೆ ಬಿಸಿಲು ತೋರಿಸಬೇಕು. ಎಲೆ ಬಾಡಿ, ನಾಲ್ಕರಲ್ಲಿ ಒಂದು ಉದುರಿದಾಗ ಮಣ್ಣು ಮುಚ್ಚಿ, ಗೊಬ್ಬರ ಕೊಟ್ಟು, ನೀರು ಬಿಡಬೇಕು. ಹದಿನೈದು ದಿನಕ್ಕೆ ಗಿಡದ ತುಂಬ ಹೂವು. ಚಳಿಯಲ್ಲಿ ಹಿಡಿದರೆ ಒಂದು ಬಹಾರ, ಬೇಸಿಗೆಯ ಕೊನೆಗೆ ಮೃಗಶಿರಾ ಮಳೆಯ ಹೊತ್ತಿಗೆ ಹಿಡಿದರೆ ಮಿರಗದ ಬಹಾರ. ಇದನ್ನೆಲ್ಲ ಅವರಿಗೆ ನಾನೇ ಹೇಳಿದೆ. ಅವರು ಕೇಳಿಸಿಕೊಂಡು, “ಬರೋಬ್ಬರಿ ಅದ. ಆದ್ರ ಆವಾಗ ಒಳಗ ಏನು ನಡೀತದ ಗೊತ್ತದ ಏನು?” ಎಂದರು. ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನನ್ನ ಬಾಯಿ ಏಳಲಿಲ್ಲ.

ಮರುದಿನ ಪಾನ್ ಅಂಗಡಿಯಿಂದ ಒಂದು ಚೂರು ಸುಣ್ಣ ತರಿಸಿಕೊಂಡರು. ನೀರಿನಲ್ಲಿ ಕಲಸಿ, ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಎರಡು ಬಟ್ಟಲಿಗೆ ಬಸಿದರು. ಒಂದರ ಪಕ್ಕ ಮೋಸಂಬಿಯ ನಾಲ್ಕು ಟೊಂಗೆ ಇಟ್ಟು, ಬೋಗುಣಿ ಬೋರಲು ಹಾಕಿ, ಅಂಚಿಗೆ ಕಣಕ ಮೆತ್ತಿದರು. ಇನ್ನೊಂದರ ಮೇಲೆ ಬರಿಯ ಬೋಗುಣಿ. ಮಧ್ಯಾಹ್ನ ತೆಗೆದಾಗ ಬರಿಯ ಬೋಗುಣಿಯದು ತಿಳಿಯಾಗಿಯೇ ಇತ್ತು. ಟೊಂಗೆಯ ಪಕ್ಕದ ಬಟ್ಟಲಲ್ಲಿ ಹಾಲಿನ ಕೆನೆಯಂತೆ ಬಿಳಿ ಪದರು.

“ನೋಡು. ಕತ್ತಲ್ದಾಗ ಕೂತು ಉಸಿರು ಬಿಟ್ಟದ. ಆ ಉಸಿರಿನ ಇಂಗಾಲ ಸುಣ್ಣಕ್ಕ ಹತ್ಯದ.”

“ಇದು ಕಡಿದ ಟೊಂಗಿ ಅಲ್ರಿ ಅಕ್ಕಾರ. ಸತ್ತದ್ದು.”

“ಸತ್ತೀನಿ ಅಂತ ಅದಕ್ಕ ಇನ್ನೂ ಸುದ್ದಿ ಮುಟ್ಟಿಲ್ಲೋ.”

ಇಬ್ಬರೂ ನಕ್ಕೆವು. ಆಮೇಲೆ ಅವರು ಬಿಡಿಸಿ ಹೇಳಿದರು. ಎಲೆ ಹಗಲು ಗಾಳಿಯಿಂದ ಇಂಗಾಲ ಹಿಡಿದು, ಬಿಸಿಲಿನ ಬಲದಿಂದ ಸಕ್ಕರೆ ಮಾಡುತ್ತದೆ. ಆ ಹೊತ್ತಿಗೆ ಬೇಕಾದಷ್ಟು ಬಳಸಿ, ಉಳಿದದ್ದನ್ನು ಗಂಜಿ ಮಾಡಿ ಟೊಂಗೆಯಲ್ಲಿ, ಬೇರಿನಲ್ಲಿ ತುಂಬಿಡುತ್ತದೆ. ಆದರೆ ಉಸಿರಾಡುವುದು ಎಲೆ ಮಾತ್ರವಲ್ಲ. ತೊಗಟೆ, ಬೇರು, ಹೂವು, ಕಾಯಿ ಎಲ್ಲವೂ ಹಗಲು ರಾತ್ರಿ ಉಸಿರಾಡುತ್ತವೆ. ಹಾಗೆ ಉಸಿರಾಡಲು ತುಂಬಿಟ್ಟದ್ದನ್ನೇ ಸುಡಬೇಕು. ಹಿಡಿದ ಇಂಗಾಲ ಮತ್ತೆ ಗಾಳಿಗೆ ಹೋಗುತ್ತದೆ. ಚಳಿಗಾಲದಲ್ಲಿ ಉಸಿರು ನಿಧಾನ, ಸುಡುವುದು ಕಡಿಮೆ, ಅದಕ್ಕೇ ಒಳಗೆ ತುಂಬುತ್ತದೆ. ಬೇಸಿಗೆಯಲ್ಲಿ ಬಿಸಿ ಏರಿದಂತೆ ಉಸಿರು ಜೋರು. ಮಳೆ ಬಿದ್ದ ಮೇಲೆ ಬರುವ ಚಿಗುರು, ಹೂವು ಎಲ್ಲ ಮೊದಲು ಹಳೆಯ ದಾಸ್ತಾನನ್ನು ತಿಂದೇ ಬರಬೇಕು.

ನನಗೆ ನಮ್ಮೂರಿನ ಹಗೇವು ನೆನಪಾಯಿತು. ನೆಲದೊಳಗೆ ಬಾವಿಯಂತೆ ತೋಡಿ ಜೋಳ ತುಂಬಿಡುವ ಜಾಗ. “ಹಗೇವು ತೆಗದ ಕೂಡಲೆ ಯಾರೂ ಇಳಿಯಂಗಿಲ್ಲರಿ. ಮೊದಲ ಕಂದೀಲು ಬಿಡತೀವಿ. ಅದು ಆರಿದ್ರ ಇಳಿಯಂಗಿಲ್ಲ,” ಎಂದೆ.

ಅಕ್ಕಾರ ಮುಖ ಅರಳಿತು. “ಅದ ನೋಡು! ಅದು ಜೋಳದ ಉಸಿರು. ಇಷ್ಟು ವರ್ಷ ಕಲಿಸೀನಿ, ಈ ಮಾತು ನನಗ ಹೊಳದಿದ್ದಿಲ್ಲ.”

ಆ ಮಾತಿನಿಂದ ನನ್ನೊಳಗೆ ಏನಾಯಿತು ಎಂದು ಹೇಳಿದರೆ ನಗಬೇಡಿ. ಕಾಲೇಜಿನಲ್ಲಿ ಕಲಿಸಿದವರಿಗೆ ಹೊಳೆಯದ್ದು ಆರನೆಯ ಇಯತ್ತೆಯವನಿಗೆ ಹೊಳೆದಿತ್ತು. ಆ ಇಡೀ ಚಳಿಗಾಲ ಬಿಡುವು ಸಿಕ್ಕಾಗಲೆಲ್ಲ ಮೂರನೆಯ ಮಹಡಿಗೆ ಹೋದೆ. ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ನಿನ ಒಂದು ಹನಿಯನ್ನು ಹೊಸದಾಗಿ ಕೊಯ್ದ ಟೊಂಗೆಯ ಮೇಲೆ ಬಿಟ್ಟರೆ ಒಳಗೆ ಗಂಜಿ ಎಷ್ಟಿದೆ ತಿಳಿಯುತ್ತದೆ ಎಂದು ಅವರೇ ತೋರಿಸಿದರು. ಪುಷ್ಯದ ಚಳಿಯಲ್ಲಿ ನಮ್ಮ ಗಿಡದ ಟೊಂಗೆ ನೀಲಿ ಮಸಿಯಂತೆ ಕಪ್ಪಾಯಿತು. “ತುಂಬ್ಯದ. ಈ ಸಲ ಹೊತ್ತು ಮೀರ್ಯದ, ಬರೋ ಚಳಿಗಾಲದಾಗ ನೀರು ಬಂದ್ ಮಾಡು, ಹೂವು ತಾನ ಬರ್ತದ,” ಎಂದರು.

ಆಗಲೇ ನಾನೊಂದು ಕೆಲಸ ಮಾಡಿದೆ. ಎರಡು ಬಟ್ಟಲು ಸುಣ್ಣದ ತಿಳಿ ತಂದು ಒಂದನ್ನು ನಮ್ಮ ಕೋಣೆಯಲ್ಲಿ ಹೆಂಡತಿಯ ತಲೆದಿಂಬಿನ ಮೇಲಿನ ಹಲಗೆಗೆ ಇಟ್ಟೆ. ಇನ್ನೊಂದನ್ನು ಹಿಂದಿನ ಬಿಡಿ ಕೋಣೆಯ ಕಿಟಕಿಯಲ್ಲಿ. ಬೆಳಗಿನ ಕಾರುಗಳೆಲ್ಲ ಹೊರಟುಹೋದ ಮೇಲೆ ನೋಡಿದೆ. ಕಿಟಕಿಯದರಲ್ಲಿ ಬಟ್ಟಲ ತಳ ಕಾಣುತ್ತಿತ್ತು. ನಮ್ಮದರ ಮೇಲೆ ದಪ್ಪಗೆ ಕೆನೆ ಕಟ್ಟಿತ್ತು. “ಏನ್ರಿ ಅದು, ಹಾಲ?” ಎಂದು ಹೆಂಡತಿ ಮಲಗಿದಲ್ಲಿಂದಲೇ ಕೇಳಿದಳು. “ಗಿಡದ ಔಷಧ” ಎಂದು ಹೇಳಿ ಮೋರಿಗೆ ಚೆಲ್ಲಿದೆ.

ಅವಳಿಗೆ ಆ ಕೋಣೆ ಕೊಡಿಸಲೇಬೇಕು ಎಂದು ಅವತ್ತು ಗಟ್ಟಿ ಮಾಡಿದೆ.

ಕಮಿಟಿಯ ಸೆಕ್ರೆಟರಿ ತೆಲುಗಿನವರು, ದೊಡ್ಡ ಸಾಫ್ಟ್‌ವೇರ್ ಆಫೀಸಿನಲ್ಲಿ ಮ್ಯಾನೇಜರು. ಬೆಳಿಗ್ಗೆ ಕಿವಿಗೆ ಫೋನಿಟ್ಟುಕೊಂಡು ತೋಟದ ಸುತ್ತ ಹೆಜ್ಜೆ ಹಾಕುತ್ತಿದ್ದರು. ನನ್ನನ್ನು ಕಂಡಾಗ ಒಂದೇ ಪ್ರಶ್ನೆ: “ಏಮಯ್ಯಾ, ಬತ್ತಾಯಿ ಎಪ್ಪುಡು?” ಮೋಸಂಬಿ ಯಾವಾಗ ಬರುತ್ತದೆ ಎಂದು. ಯಾರ ಮುಂದೂ ಕೈ ಚಾಚಿದವನಲ್ಲ ನಾನು. ಬೇಸಿಗೆಯ ಆರಂಭದ ಒಂದು ದಿನ ಅವರನ್ನು ನಿಲ್ಲಿಸಿ, ನನಗೆ ಬರುವ ಹಿಂದಿಯಲ್ಲಿ ಕೋಣೆಯ ಮಾತು ತೆಗೆದೆ. ಅವರು ನಗುನಗುತ್ತಲೇ ಹೇಳಿದರು: ಎರಡು ಹೆಸರಿವೆ, ನಿನ್ನದು ಮತ್ತು ಜನರೇಟರ್ ನೋಡಿಕೊಳ್ಳುವವನದು. ಮಾರುವಾಗ ಬಿಲ್ಡರು ತೋರಿಸಿದ ಚಿತ್ರದಲ್ಲಿ ಈ ಗಿಡಗಳ ತುಂಬ ಹಣ್ಣಿದ್ದವು. ದಸರೆಗೆ ಎಲ್ಲರೂ ಇಲ್ಲಿ ಸೇರುತ್ತಾರೆ. ಅಷ್ಟರಲ್ಲಿ ಗಿಡದಲ್ಲಿ ಕಾಯಿ ಜೋತಾಡಲಿ. ಕೋಣೆ ನಿನ್ನದು ಎಂದು ನಾನೇ ಹೇಳುತ್ತೇನೆ.

“ರಹೆಂಗೆ ಸಾಬ್,” ಎಂದೆ. ಇರುತ್ತವೆ.

ದಸರೆಗೆ ಕಾಯಿ ಇರಬೇಕೆಂದರೆ ಚಳಿಗಾಲದವರೆಗೆ ಕಾಯುವಂತಿಲ್ಲ. ಮಿರಗದ ಬಹಾರವೇ ಆಗಬೇಕು. ಅಕ್ಕಾರು ಆಗಲೇ ತಂಗಿಯ ಮನೆಗೆಂದು ಧಾರವಾಡಕ್ಕೆ ಹೋಗಿದ್ದರು, ಮಳೆ ಬಿದ್ದ ಮೇಲೆ ಬರುವವರು. ಫೋನು ಮಾಡಿ ಕೇಳಬಹುದಿತ್ತು. ಅಪ್ಪನಿಂದ ಕಲಿತ ಕೆಲಸಕ್ಕೆ ಯಾರನ್ನು ಕೇಳುವುದು ಎಂದುಕೊಂಡೆ.

ಮೇ ತಿಂಗಳಲ್ಲಿ ಆರೂ ಗಿಡಗಳ ನೀರು ನಿಲ್ಲಿಸಿದೆ. ಬುಡ ಬಿಚ್ಚಿ ಬೇರಿಗೆ ಬಿಸಿಲು ತೋರಿಸಿದೆ. ಒಂದು ವಾರಕ್ಕೆ ಎಲೆ ಸುರುಳಿ ಸುತ್ತಿತು. ಅಪ್ಪನಾಗಿದ್ದರೆ ಹತ್ತು ಹನ್ನೆರಡು ದಿನಕ್ಕೆ ನೀರು ಬಿಡುತ್ತಿದ್ದ. ನಾನು ಬಿಡಲಿಲ್ಲ. ಮೂರು ವರ್ಷ ರಜೆ ಕಾಣದ ಗಿಡ, ಹೆಚ್ಚು ದಿನ ಬಾಡಿದಷ್ಟೂ ಹೂವು ಹೆಚ್ಚು ಎನ್ನುವುದು ನನ್ನ ಲೆಕ್ಕಾಚಾರ. ವಾಕಿಂಗಿಗೆ ಬಂದವರು ಗಿಡ ಸಾಯುತ್ತಿದೆ ಎಂದು ದೂರು ಹೇಳಿದರು. ಸೆಕ್ರೆಟರಿ ಬಂದು ಕೇಳಿದಾಗ, “ಮೇರಾ ಕಾಮ್ ಹೈ ಸಾಬ್, ದೇಖೋ ಆಪ್” ಎಂದೆ. ಇದು ನನ್ನ ಕೆಲಸ, ನೀವು ನೋಡುತ್ತಿರಿ ಎಂದು. ಮೂರನೆಯ ವಾರಕ್ಕೆ ಆರೂ ಗಿಡ ಕಸಬರಿಗೆಯಂತೆ ಬರಿದಾಗಿ ನಿಂತವು. ಆಗ ಮಣ್ಣು ಮುಚ್ಚಿ ನೀರು ಬಿಟ್ಟೆ.

ಆ ದಿನಗಳಲ್ಲಿ ಮಧ್ಯಾಹ್ನ ಊಟಕ್ಕೆ ಕೆಳಗೆ ಬಂದರೆ ನಮ್ಮ ಕೋಣೆಯ ಛಾವಣಿ ಮುಟ್ಟಲಾಗದಷ್ಟು ಕಾದಿರುತ್ತಿತ್ತು. ಪಕ್ಕದಿಂದ ಮೋಟಾರಿನ ಬಿಸಿ, ಮೇಲಿನಿಂದ ಬಿಸಿಲು. ಹೆಂಡತಿ ಒದ್ದೆ ಬಟ್ಟೆ ಹೊದ್ದು ಕುಳಿತಿರುತ್ತಿದ್ದಳು. ಆ ಛಾವಣಿಯ ಕೆಳಗೆ ಬೆವರುತ್ತ ಮಲಗಿದ್ದವನಿಗೆ ಅದರ ಮೇಲೆ ಏನಾಗುತ್ತಿರಬಹುದೆಂದು ಒಂದು ದಿನವೂ ಹೊಳೆಯಲಿಲ್ಲ.

ಜೂನಿನಲ್ಲಿ ಎರಡು ಮಳೆ ಬಿದ್ದವು. ಆಮೇಲೆ ಬಂದ ಹೂವನ್ನು ನಾನು ಗೌಡರ ತೋಟದಲ್ಲೂ ಕಂಡಿರಲಿಲ್ಲ. ಟೊಂಗೆ ಕಾಣದಂತೆ ಬಿಳಿ. ಅದರ ವಾಸನೆ ರ‍್ಯಾಂಪಿನಿಂದ ಇಳಿದು ಸೆಲ್ಲಾರಿನ ಪೆಟ್ರೋಲ್ ವಾಸನೆಯನ್ನೂ ಸರಿಸಿ ನಮ್ಮ ಕೋಣೆಗೆ ಬಂತು. ಸೆಕ್ರೆಟರಿ ಬೆನ್ನು ತಟ್ಟಿದರು. ಜನ ಫೋಟೋ ತೆಗೆದುಕೊಂಡರು. ಹೆಂಡತಿ ಪೊರಕೆ ಹಿಡಿದು ಹೋಗಿ, ಯಾರೂ ಹೇಳದಿದ್ದರೂ, ಹಿಂದಿನ ಕೋಣೆಯ ಕುರ್ಚಿಗಳನ್ನು ಒಂದು ಬದಿಗೆ ಒಟ್ಟಿ ಕಸ ಹೊಡೆದು ಬಂದಳು.

“ಪಡದಿ ಕಟ್ಟೂದ ಬ್ಯಾಡ್ರಿ ಆ ಕಿಟಕಿಗೆ,” ಎಂದಳು. “ನೋಡಿದ್ರ ನೋಡವಲ್ರ್ಯಾಕ ಮಂದಿ. ಗಾಳಿ ಬರಲಿ.”

“ಇನ್ನೂ ಕೊಟ್ಟಿಲ್ಲ ಮಾರಾಯ್ತಿ.”

“ಕೊಡ್ತಾರ ಬಿಡ್ರಿ. ಹೂವು ನೋಡೀರಿಲ್ಲೊ!”

ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟೋ ದಿನವಾಗಿತ್ತು.

ಅಕ್ಕಾರು ಬಂದದ್ದು ಹೂವು ಉದುರಿ ಮೆಣಸಿನ ಕಾಳಿನಷ್ಟು ಹೀಚು ಕಚ್ಚಿದ ಹೊತ್ತಿಗೆ. ಬಾಲ್ಕನಿಯಿಂದ ನೋಡಿದವರು ಮೊಣಕಾಲು ಹಿಡಿದುಕೊಂಡೇ ಕೆಳಗಿಳಿದು ಬಂದರು. ನಾನು ಹೊಗಳಿಕೆಗೆ ಕಾದು ನಿಂತಿದ್ದೆ.

“ಎಲಿ ಎಲ್ಲವ?” ಎಂದು ಕೇಳಿದರು.

ಎಲೆ ಇತ್ತು. ತುದಿಗೆ ಅಲ್ಲೊಂದು ಇಲ್ಲೊಂದು, ಕಿರುಬೆರಳಿನ ಉಗುರಿನಷ್ಟು. ನಾನು ಅದನ್ನು ನೋಡಿರಲಿಲ್ಲ, ಹೀಚನ್ನಷ್ಟೇ ನೋಡಿದ್ದೆ.

“ಎಷ್ಟು ದಿನಾ ನೀರು ಬಂದ್ ಮಾಡಿದ್ದಿ?”

“ಮೂರು ವಾರರಿ.”

“ಮೇದಾಗ? ಬೇರೂ ಬಿಚ್ಚಿದ್ಯಾ?”

“ಬಿಚ್ಚಿದ್ದೆರಿ. ಅಪ್ಪ ಹಂಗ ಮಾಡ್ತಿದ್ದ.”

“ನಿಮ್ಮಪ್ಪನ ಗಿಡಾ ಎರಿ ಮಣ್ಣಾಗ ಇದ್ದವು. ಮ್ಯಾಲೆ ಬಿಸಿಲು ಹತ್ತಿದ್ರ ಬೇರು ಕೆಳಗ ತಂಪಿಗೆ ಹೋಗ್ತಿತ್ತು. ಇಲ್ಲಿ ಎರಡು ಮೊಳ ಮಣ್ಣು, ಅದರ ಕೆಳಗ ಕಾದ ಸ್ಲ್ಯಾಬು. ಎಲ್ಲಿ ಹೋಗಬೇಕೋ ಅದು?”

ಆ ಸ್ಲ್ಯಾಬಿಗೆ ಕಾಂಕ್ರೀಟು ಹೊತ್ತ ತಲೆ ನನ್ನದೇ. ಅವರು ಟಿಂಚರ್ ತರಿಸಿ ಒಂದು ಟೊಂಗೆ ಕೊಯ್ದು ಹನಿ ಬಿಟ್ಟರು. ಹನಿ ಬಿದ್ದ ಹಾಗೆಯೇ ಉಳಿಯಿತು, ಚಹಾದ ಬಣ್ಣ. ಮಣ್ಣು ಸರಿಸಿ ಒಂದು ಬೇರು ಕೊಯ್ದೆವು. ಅದೂ ಹಾಗೆಯೇ. ಚಳಿಗಾಲದಲ್ಲಿ ಮಸಿಯಂತೆ ಕಪ್ಪಾಗಿದ್ದ ಗಿಡ.

ಆಮೇಲೆ ಅವರು ಹೇಳಿದ್ದನ್ನು ನಾನು ತಿಳಿದುಕೊಂಡಂತೆ ಹೇಳುತ್ತೇನೆ. ಎಲೆ ಉದುರಿದ ದಿನದಿಂದ ಗಿಡಕ್ಕೆ ಹೊಸದಾಗಿ ಇಂಗಾಲ ಹಿಡಿಯುವ ದಾರಿ ಇರಲಿಲ್ಲ. ಆದರೆ ಉಸಿರು ನಿಲ್ಲುವುದಿಲ್ಲವಲ್ಲ. ಕಾದ ಮಣ್ಣಿನಲ್ಲಿ ಬೇರು ಚಳಿಗಾಲಕ್ಕಿಂತ ಎಷ್ಟೋ ಜೋರಾಗಿ ಉಸಿರಾಡುತ್ತ, ತುಂಬಿಟ್ಟದ್ದನ್ನು ಸುಡುತ್ತ ಕೂತಿತ್ತು. ಉಳಿದದ್ದನ್ನೆಲ್ಲ ಹೂವಿಗೆ ಹಾಕಿ ಖಾಲಿಯಾಗಿದೆ. ಈಗ ಸಾವಿರಾರು ಹೀಚು, ಪ್ರತಿಯೊಂದಕ್ಕೂ ಉಸಿರಿದೆ, ಪ್ರತಿಯೊಂದಕ್ಕೂ ಸಕ್ಕರೆ ಬೇಕು. ದುಡಿಯುವ ಎಲೆ ಇಲ್ಲ. ಬೇರಿಗೆ ಏನೂ ಇಳಿಯುವುದಿಲ್ಲ. ದಸರೆಗೆ ಕಾಯಿ ಇರುತ್ತವೆ. ಬರುವ ಬೇಸಿಗೆಗೆ ಗಿಡ ಇರುವುದಿಲ್ಲ.

“ಎಲ್ಲಾ ಕಿತ್ತಿಬಿಡು ತಮ್ಮಾ. ಮೊದಲ ಎಲಿ ಬರಲಿ.”

“ಒಂದೊಂದು ಗಿಡಕ್ಕ ನಾಕು ಬಿಟ್ರ?”

“ಬಿಡು. ನಾಕು ಕಾಯಿಗೆ ನಿಮ್ಮ ಸೆಕ್ರೆಟರಿ ಒಪ್ಪತಾನೇನು?”

ಕೋಣೆಯ ಕತೆ ಊರಿಂದ ಬಂದ ಕೂಡಲೇ ಅಕ್ಕಪಕ್ಕದವರಿಂದ ಅವರಿಗೆ ಗೊತ್ತಾಗಿತ್ತು. ನನ್ನ ಮುಖ ನೋಡಿ, “ನಾ ಹೋಗಿ ಹೇಳ್ತೀನಿ ಅವಗ. ಒಂದು ವರ್ಷ ತಡೀರಿ, ಗಿಡ ಉಳಸಲಿಕ್ಕೆ ಹತ್ಯಾನ ಅಂತ ಹೇಳ್ತೀನಿ. ನನ್ನ ಮಾತು ಕೇಳ್ತಾರ,” ಎಂದರು.

“ಬ್ಯಾಡ್ರಿ ಅಕ್ಕಾರ. ನಾ ಮಾಡಿದ ತಪ್ಪಿಗೆ ನೀವು ಯಾಕ ಅವರ ಮುಂದ ಬಾಯಿ ತೆರೀಬೇಕು.”

“ತಪ್ಪು ಅಂತ ಹೇಳಂಗಿಲ್ಲೋ.”

“ಬ್ಯಾಡ್ರಿ.”

ಕೆಳಗೆ ಬಂದು ಹೆಂಡತಿಗೆ ಹೇಳಿದೆ. ಅಕ್ಕಾರು ಮಾತಾಡಲು ಬಂದದ್ದನ್ನು ಮಾತ್ರ ಹೇಳಲಿಲ್ಲ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಪೂರಾ ಕೇಳಿದಳು.

“ಕಾಯಿ ಬಿಟ್ರ ಗಿಡ ಯಾವಾಗ ಸಾಯತಾವ?”

“ಬರೂ ಬ್ಯಾಸಿಗಿ.”

“ಅಲ್ಲೀತನ ಕಿಟಕಿ ಇರತೈತಲ್ಲ?”

“ಗಿಡ ಸತ್ತ ಮ್ಯಾಲೆ ಅವರು ಮಾಲೀನ ಇಟಗೊಂತಾರೇನು? ಕೋಣೀನೂ ಹೊಕ್ಕೈತಿ, ಕೆಲಸಾನೂ ಹೊಕ್ಕೈತಿ.”

“ಒಂದು ವರ್ಷ ಅಂದ್ರ ಒಂದು ವರ್ಷರಿ. ನೀವು ದಿನಾ ಮ್ಯಾಲೆ ಇರತೀರಿ, ನಿಮಗೇನು ಗೊತ್ತಾಗಬೇಕು.” ಉಸಿರು ಸಾಲದೆ ನಿಂತಳು. ಮತ್ತೆ ಹೇಳಿದಳು: “ಗಿಡದ ಉಸಿರು ಭಾಳ ಚಂದ ತಿಳೀತೈತಿ ನಿಮಗ.”

ನಾನು ಅವಳಿಗೆ ಹೇಳಿದ ಕಾರಣ ಸುಳ್ಳಲ್ಲ. ಗಿಡ ಸತ್ತರೆ ನಮ್ಮನ್ನು ಹೊರಗೆ ಹಾಕುತ್ತಿದ್ದದ್ದು ನಿಜ. ಆದರೆ ಅದೊಂದೇ ಕಾರಣವಾಗಿರಲಿಲ್ಲ. ನನ್ನ ಕೈಯಲ್ಲಿ ಅಲ್ಲಿಯವರೆಗೆ ಒಂದು ಗಿಡವೂ ಸತ್ತಿರಲಿಲ್ಲ. ನಾನು ಓದಿದವನಲ್ಲ, ಹಣವಂತನಲ್ಲ, ನನ್ನ ಬಳಿ ಇದ್ದದ್ದು ಅದೊಂದೇ ಹೆಸರು. ಆರು ಗಿಡ ಕೊಂದವನು ಎಂದು ನನ್ನನ್ನು ನಾನೇ ಕರೆದುಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ. ಹೆಂಡತಿಯ ಕಿಟಕಿಯನ್ನು ತಕ್ಕಡಿಯ ಒಂದು ತಟ್ಟೆಗೆ ಹಾಕಿ, ನನ್ನ ಹೆಸರನ್ನು ಇನ್ನೊಂದು ತಟ್ಟೆಗೆ ಹಾಕಿದೆ ಎಂದು ಆಗ ಒಪ್ಪುತ್ತಿರಲಿಲ್ಲ. ಈಗ ಒಪ್ಪುತ್ತೇನೆ.

ಎರಡು ಬೆಳಗು ಹಿಡಿಯಿತು. ಗೋಣಿಚೀಲ ಕಟ್ಟಿಕೊಂಡು, ಏಣಿ ಇಟ್ಟು, ಒಂದೊಂದೇ ಟೊಂಗೆ ಹಿಡಿದು ಹೀಚು ಸವರಿದೆ. ಬೆರಳಿಗೆ ಹತ್ತಿದ ಕಹಿ ವಾಸನೆ ಸಾಬೂನಿಗೂ ಹೋಗಲಿಲ್ಲ. ಎರಡನೆಯ ಬೆಳಗು ಸೆಕ್ರೆಟರಿ ಬಂದರು. ಏಣಿಯ ಕೆಳಗೆ ನಿಂತು ಚೀಲದೊಳಗೆ ಇಣುಕಿದರು. ಫೋನನ್ನು ಕಿವಿಯಿಂದ ತೆಗೆದು, ಇದೇನು ಮಾಡುತ್ತಿದ್ದೀ ಎಂದು ಕೇಳಿದರು.

“ಪೇಡ್ ಕೋ ಭಾರೀ ಹೋ ರಹಾ ಸಾಬ್.” ಗಿಡಕ್ಕೆ ಭಾರವಾಗುತ್ತಿದೆ ಎಂದೆ.

“ದಸರಾ ಕಾ ಕ್ಯಾ?”

ಆ ಹೊತ್ತಿಗೆ ನಿಜ ಹೇಳಬಹುದಿತ್ತು. ಸಾಬ್, ನನ್ನಿಂದ ತಪ್ಪಾಯಿತು, ಒಂದು ವರ್ಷ ಕೊಡಿ ಎಂದರೆ ಅವರು ಬಯ್ದರೂ ಕೇಳುತ್ತಿದ್ದರೇನೋ. ಕೆಟ್ಟ ಮನುಷ್ಯ ಅಲ್ಲ. ನಾನು ಏಣಿಯ ಮೇಲೆ ನಿಂತೇ ಮುಂದಿನ ಟೊಂಗೆಗೆ ಕೈ ಹಾಕಿದೆ. ಅವರು ಕೈ ಕೊಡವಿ ನಡೆದರು.

ಶ್ರಾವಣದಲ್ಲಿ ಕೋಣೆ ಜನರೇಟರಿನವನಿಗೆ ಹೋಯಿತು. ಅವನಿಗೆ ಹೆಂಡತಿ ಮಕ್ಕಳಿಲ್ಲ. ರಾತ್ರಿ ಪಾಳಿಯವನಾದ್ದರಿಂದ ಹಗಲು ಮಲಗಬೇಕು. ಬೆಳಕು ಕಣ್ಣಿಗೆ ಹೊಡೆಯುತ್ತದೆಂದು ಎರಡೂ ಕಿಟಕಿಗೆ ಪೇಪರು ಅಂಟಿಸಿಕೊಂಡ.

ಹೆಂಡತಿ ಅದನ್ನು ನೋಡಿ ಬಂದಳು. ಆ ವಾರ ನಾವಿಬ್ಬರೂ ಮಾತಾಡಿದ್ದು ಉಪ್ಪು, ನೀರು, ದೀಪ ಇಷ್ಟೇ. ಕಾರುಗಳು ಚಾಲೂ ಆದಾಗ ಅವಳು ಗೋಡೆಗೆ ಮುಖ ಮಾಡುತ್ತಿದ್ದಳು, ಅವು ಹೋದ ಮೇಲೂ ಹಾಗೆಯೇ ಇರುತ್ತಿದ್ದಳು. ನನಗೂ ಅಲ್ಲಿ ಕೂರಲಾಗುತ್ತಿರಲಿಲ್ಲ. ಮೇಲೆ ಹೋದರೆ ಗಿಡಗಳು, ಕೆಳಗೆ ಬಂದರೆ ಅವಳ ಬೆನ್ನು. ಊರಿಗೆ ಹೋಗೋಣವೆಂದರೆ ಅಲ್ಲಿ ತೋಟವೂ ಇಲ್ಲ, ಮನೆಯೂ ಅಣ್ಣನದು. ಹೊರಗಿನ ಗೇಟಿನವರೆಗೆ ಹೋಗಿ ಕ್ಯಾಬುಗಳ ಸಾಲು ನೋಡಿ ತಿರುಗಿ ಬರುತ್ತಿದ್ದೆ.

ಒಂದು ದಿನ ಗೇಟಿನ ಹತ್ತಿರ ಅಕ್ಕಾರು ಅವಳಿಗೆ ಸಿಕ್ಕಿದ್ದಾರೆ. ಕೋಣೆಯ ಮಾತು ಬಂದಿದೆ. “ನಾ ಹೇಳ್ತೀನಿ ಅಂದೆ ಅವ್ವಾ, ನಿನ್ನ ಗಂಡ ಬಿಡಲಿಲ್ಲ,” ಎಂದಿದ್ದಾರೆ. ಅವರೇನು ಚಾಡಿ ಹೇಳಿದ್ದಲ್ಲ. ನಾನು ಮುಚ್ಚಿಟ್ಟಿದ್ದೇನೆಂದು ಅವರಿಗೆ ಹೇಗೆ ಗೊತ್ತಾಗಬೇಕು.

ಅವಳು ಕೆಳಗೆ ಬಂದು ನನ್ನೆದುರು ಕೂತಳು. “ಅಕ್ಕಾರು ಹೇಳ್ತೀನಿ ಅಂದಿದ್ರಂತ?”

“ಹೂಂ.”

“ನೀವು ಬ್ಯಾಡ ಅಂದಿದ್ರಿ?”

“ಹೂಂ.”

ಬಯ್ಯುತ್ತಾಳೆಂದು ಕಾದೆ. ಅವಳು ಎದ್ದು ಒಲೆ ಹಚ್ಚಿದಳು. ಮರುದಿನ ಬೆಳಿಗ್ಗೆ, ಕಾರುಗಳು ಚಾಲೂ ಆಗುವ ಮೊದಲೇ, ತಲೆ ಬಾಚಿಕೊಂಡು ಸೆರಗು ಸಿಕ್ಕಿಸಿ ಹೊರಟಳು. ಅಕ್ಕಾರ ಮನೆಯಲ್ಲಿ ರೊಟ್ಟಿ, ಪಲ್ಯ, ಮನೆಗೆಲಸ ಎಂದು ತಾನೇ ಹೋಗಿ ಮಾತಾಡಿಕೊಂಡು ಬಂದಿದ್ದಳು. ನನ್ನನ್ನು ಕೇಳಿರಲಿಲ್ಲ. ಮದುವೆಯಾದಾಗಿನಿಂದ ಅವಳು ನನ್ನನ್ನು ಕೇಳದೆ ಮಾಡಿದ ಮೊದಲ ಕೆಲಸ ಅದು. ನನ್ನ ಹೆಂಡತಿ ಇನ್ನೊಬ್ಬರ ಮನೆಯ ಮುಸುರೆ ತಿಕ್ಕುವುದು ನನಗೆ ನುಂಗಲಾಗದ ಮಾತು.

“ನಾ ಇನ್ನೂ ದುಡಿಯಾಕತ್ತೀನಿ,” ಎಂದೆ ಬಾಗಿಲಲ್ಲಿ ನಿಂತು.

“ದುಡೀರಿ. ನಾ ದುಡಿಯಾಕ ಹೊಂಟಿಲ್ಲ, ಉಸಿರಾಡಾಕ ಹೊಂಟೀನಿ. ಸರೀರಿ ದಾರಿಯಿಂದ.”

ಸರಿದೆ.

ದಸರೆಯ ಹೊತ್ತಿಗೆ ಐದು ಗಿಡಗಳಲ್ಲಿ ಕೈಯಗಲ ಎಲೆ ತುಂಬಿದ್ದವು. ಕಾರಂಜಿಯ ಪಕ್ಕದ್ದು ಹೀಚು ತೆಗೆದರೂ ಉಳಿಯಲಿಲ್ಲ. ತುದಿಯಿಂದ ಒಣಗುತ್ತ ಬಂದು ಬುಡಕ್ಕೆ ಮುಟ್ಟಿತು. ನಾನೇ ಅದನ್ನು ಕಡಿದು, ಬೇರು ತೋಡಿ ತೆಗೆದೆ. ಬೇರುಗಳು ಸ್ಲ್ಯಾಬಿಗೆ ತಾಗಿ, ಅಡ್ಡಡ್ಡ ತಿರುಗಿ, ತಮ್ಮ ಸುತ್ತ ತಾವೇ ಸುತ್ತಿಕೊಂಡಿದ್ದವು. ದಸರೆಯ ದಿನ ಜನ ಸೇರಿದರು, ಊಟ ಮಾಡಿದರು, ಕಾಯಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಆ ಚಳಿಗಾಲದಲ್ಲಿ ಟೊಂಗೆ ಕೊಯ್ದು ಹನಿ ಬಿಟ್ಟಾಗ ತೆಳುವಾಗಿ ನೀಲಿ ಬಂತು. ಓಡಿಹೋಗಿ ಹೆಂಡತಿಗೆ ಹೇಳಿದೆ. “ಹೌದ?” ಎಂದಳು, ಅಷ್ಟೇ, ಆದರೆ ಮುಖ ತಿರುಗಿಸಲಿಲ್ಲ.

ಹಗಲು ನಾನು ಹುಲ್ಲಿಗೆ ನೀರು ಹಿಡಿಯುವಾಗ ಮೇಲೆ ನೋಡಿದರೆ ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಅವಳು ಬಟ್ಟೆ ಹರವುತ್ತಲೋ ಕಾಳು ಆರಿಸುತ್ತಲೋ ಕಾಣುತ್ತಿದ್ದಳು. ಪಂಪು ಎಳೆದುಕೊಳ್ಳುವುದು ಕಡಿಮೆಯಾಗಿತ್ತು. ಅಲ್ಲಿ ಅವಳ ಭುಜ ಏರಿಳಿಯುವುದು ಬೇರೆಯದೇ ರೀತಿ ಎಂದು ನನಗೆ ಅನಿಸುತ್ತಿತ್ತು. ಕೂಗಿದರೆ ಕೇಳುವಷ್ಟು ಹತ್ತಿರ. ನಾನು ಕೂಗುತ್ತಿರಲಿಲ್ಲ.

ಹೊತ್ತು ಮುಳುಗುವಾಗ ಅಕ್ಕಾರು ದೀಪ ಹಚ್ಚುತ್ತಿದ್ದರು, ಅವಳು ಇಳಿದು ಬರಬೇಕಾಗುತ್ತಿತ್ತು. ನಾನು ಮೋಟಾರು ನಿಲ್ಲಿಸಿ ಮೆಟ್ಟಿಲ ಹತ್ತಿರ ಕಾಯುತ್ತಿದ್ದೆ. ಆಫೀಸಿನಿಂದ ಮರಳುವ ಕಾರುಗಳು ಆಗಲೇ ದೀಪ ಹೊತ್ತಿಸಿಕೊಂಡು ರ‍್ಯಾಂಪ್ ಇಳಿಯುತ್ತಿರುತ್ತಿದ್ದವು. ಅವಳು ಕೊನೆಯ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದಳು. ಬಾವಿಗೆ ಮುಳುಗು ಹಾಕುವ ಮೊದಲು ಎಳೆದುಕೊಳ್ಳುತ್ತಾರಲ್ಲ, ಹಾಗೆ ಎದೆ ತುಂಬ ಒಂದು ಉಸಿರು ಎಳೆದುಕೊಂಡು, ಸೆರಗು ಮೂಗಿಗೆ ಹಿಡಿದು, ಕಾರುಗಳ ಸಂದಿಯಲ್ಲಿ ನಮ್ಮ ಕೋಣೆಯ ಕಡೆ ಬಿರಬಿರನೆ ನಡೆಯುತ್ತಿದ್ದಳು. ನಾನು ಹಿಂದಿನಿಂದ ಹೋಗುತ್ತಿದ್ದೆ.